ನಿಂತ ಆಂಬುಲೆನ್ಸ್ ಪಕ್ಕ ಹೇಗೆ ಹೋಗಬೇಕು? ಹೆದ್ದಾರಿ ಬದಿಯಲ್ಲಿ ಕೆಲಸ ಮಾಡುವವರ ಸುರಕ್ಷತೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ವರ್ಷದ ಹಿಂದಿನ ಮಾತು. ರಾತ್ರಿ ಹನ್ನೊಂದರ ಸುಮಾರಿಗೆ ಶಿರಾ ದಾಟಿ ಹಿರಿಯೂರು ಕಡೆ ಹೋಗುತ್ತಿದ್ದೆವು. ಮುಂದೆ ಕೆಂಪು ನೀಲಿ ಲೈಟು ಕಂಡಿತು. ಬೈಕೊಂದು ಬಿದ್ದಿತ್ತು. 108ರಲ್ಲಿ ಬಂದ ಇಎಂಟಿ (ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವವನು), ಇನ್ನೂ ಚಿಕ್ಕ ಹುಡುಗ, ಬಿಳಿ ಗೆರೆಯ ಪಕ್ಕದಲ್ಲೇ ಮಂಡಿಯೂರಿ ಕೂತಿದ್ದ. ಅವನ ಬೆನ್ನು ರಸ್ತೆ ಕಡೆಗಿತ್ತು. ಪೈಲಟ್ (108ರಲ್ಲಿ ಡ್ರೈವರನ್ನು ಹಾಗೇ ಕರೆಯುತ್ತಾರೆ) ಡ್ರಿಪ್ ಬಾಟಲಿ ಎತ್ತಿ ಹಿಡಿದು ನಿಂತಿದ್ದರು. ನಮ್ಮನ್ನು ಓವರ್‌ಟೇಕ್ ಮಾಡಿದ ಬಸ್ಸೊಂದು ಸ್ವಲ್ಪವೂ ವೇಗ ಇಳಿಸದೆ ಅವರ ಪಕ್ಕದಲ್ಲೇ ನುಗ್ಗಿ ಹೋಯಿತು. ಆ ಗಾಳಿಗೆ ಬಾಟಲಿ ತೂಗಾಡಿತು. ಹುಡುಗ ತಲೆ ಎತ್ತಲಿಲ್ಲ. ಗಾಯಾಳುವಿನ ಮುಖಕ್ಕೆ ಧೂಳು ಬೀಳದ ಹಾಗೆ ಒಂದು ಕೈ ಅಡ್ಡ ಹಿಡಿದ, ಅಷ್ಟೇ.

ಆ ಕೈ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಈ ವಿಷಯ ಓದುತ್ತಾ ಬಂದೆ, ಸಿಕ್ಕವರಿಗೆಲ್ಲ ಹೇಳುತ್ತಾ ಬಂದೆ. ಮನೆಯವರು, ಆಫೀಸಿನವರು, ದಾರಿಯಲ್ಲಿ ಸಿಕ್ಕ ಡ್ರೈವರ್‌ಗಳು ಕೇಳಿದ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇದ್ದವು. ಅವು ಇಲ್ಲಿವೆ.

ಸೈರನ್ ಹಾಕಿಕೊಂಡು ಬರುವ ಆಂಬುಲೆನ್ಸ್‌ಗೆ ದಾರಿ ಬಿಡ್ತೀವಲ್ಲ, ಅಷ್ಟು ಸಾಲದಾ?

ದಾರಿ ಬಿಡುವುದನ್ನು ನಾವು ನಿಧಾನವಾಗಿಯಾದರೂ ಕಲಿತಿದ್ದೇವೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕೂಡ ಸೈರನ್ ಕೇಳಿದರೆ ಜನ ಕಾರನ್ನು ಫುಟ್‌ಪಾತ್ ಹತ್ತಿಸಿಯಾದರೂ ಜಾಗ ಮಾಡುತ್ತಾರೆ. ಆದರೆ ಅದು ಓಡುವ ಆಂಬುಲೆನ್ಸ್‌ನ ಮಾತು. ಅದೇ ಗಾಡಿ ಹೆದ್ದಾರಿ ಬದಿಯಲ್ಲಿ ನಿಂತಾಗ ಸೈರನ್ ಇರುವುದಿಲ್ಲ. ಒಳಗಿದ್ದವರು ಕೆಳಗಿಳಿದು ರಸ್ತೆ ಮೇಲೆ ಇರುತ್ತಾರೆ. ಅವರಿಗೆ ಅಪಾಯ ಜಾಸ್ತಿ ಇರುವುದು ಆ ಹತ್ತು ಹದಿನೈದು ನಿಮಿಷದಲ್ಲಿ. ಆಗ ಪಕ್ಕದಲ್ಲಿ ಹೋಗುವವರು ಏನು ಮಾಡಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ. ನಾನು ಡ್ರೈವಿಂಗ್ ಸ್ಕೂಲಿಗೆ ಹೋದಾಗ ಎಚ್ ಹಾಕುವುದು, ರಿವರ್ಸ್ ತೆಗೆಯುವುದು ಎಲ್ಲ ಕಲಿಸಿದರು. ಇದರ ಬಗ್ಗೆ ಒಂದು ಮಾತೂ ಬರಲಿಲ್ಲ.

ಬರೀ ಆಂಬುಲೆನ್ಸ್‌ನವರ ಬಗ್ಗೆ ಹೇಳ್ತಿದ್ದೀರಾ?

ಇಲ್ಲ. ಫೈರ್ ಎಂಜಿನ್‌ನವರು, ಟ್ರಾಫಿಕ್ ಪೊಲೀಸರು, ಹೋಮ್ ಗಾರ್ಡ್‌ಗಳು, ಹೈವೇ ಪೆಟ್ರೋಲ್‌ನವರು ಎಲ್ಲರೂ ಇದರಲ್ಲಿ ಬರುತ್ತಾರೆ. ಕೆಟ್ಟ ಲಾರಿ ಎಳೆಯುವ ಕ್ರೇನ್‌ನವರನ್ನು ಬಹಳ ಜನ ಮರೆಯುತ್ತಾರೆ. ಅವರು ಕೊಕ್ಕೆ ಹಾಕಲು ಗಾಡಿ ಕೆಳಗೆ ತಲೆ ಹಾಕಿರುತ್ತಾರೆ, ಕಾಲು ಮಾತ್ರ ಹೊರಗಿರುತ್ತದೆ. ಮಳೆಗಾಲದಲ್ಲಿ ಬಿದ್ದ ಮರ ಕಡಿಯುವವರು, ವೈರ್ ಸರಿ ಮಾಡುವ ಲೈನ್‌ಮನ್‌ಗಳೂ ಇದೇ ಜಾಗದಲ್ಲಿ ನಿಂತು ಕೆಲಸ ಮಾಡುವವರೇ.

ಒಂದು ಅಪಘಾತ ಆದ ಜಾಗದಲ್ಲೇ ಇನ್ನೊಂದು ಯಾಕೆ ಆಗುತ್ತೆ?

2023ರ ಜುಲೈನಲ್ಲಿ ಅಹಮದಾಬಾದ್‌ನಲ್ಲಿ ಆಗಿದ್ದು ನಿಮಗೆ ನೆನಪಿರಬಹುದು. ಇಸ್ಕಾನ್ ಫ್ಲೈಓವರ್ ಮೇಲೆ ಮಧ್ಯರಾತ್ರಿ ಹೊತ್ತಿಗೆ ಒಂದು ಎಸ್‌ಯುವಿ ಲಾರಿಗೆ ಗುದ್ದಿತು. ಪೊಲೀಸರು ಬಂದರು, ಸಹಾಯಕ್ಕೆ ಅಂತ, ನೋಡಲು ಅಂತ ಜನ ಸೇರಿದರು. ಆಗ ವೇಗವಾಗಿ ಬಂದ ಇನ್ನೊಂದು ಕಾರು ಆ ಗುಂಪಿನ ಮೇಲೇ ಹರಿಯಿತು. ಒಂಬತ್ತು ಜನ ತೀರಿಕೊಂಡರು. ಅವರಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್, ಒಬ್ಬ ಹೋಮ್ ಗಾರ್ಡ್ ಕೂಡ ಇದ್ದರು. ಮೊದಲ ಅಪಘಾತಕ್ಕಿಂತ ಎರಡನೆಯದು ಎಷ್ಟೋ ಪಾಲು ಘೋರವಾಯಿತು.

ಕಾರಣ ತುಂಬಾ ಸರಳ. ಗಂಟೆಗೆ 100 ಕಿ.ಮೀ. ವೇಗ ಅಂದರೆ ಒಂದು ಸೆಕೆಂಡಿಗೆ ಸುಮಾರು 28 ಮೀಟರ್. ಮುಂದೆ ಏನೋ ಇದೆ ಅಂತ ತಿಳಿದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆಯುತ್ತದೆ. ಅಷ್ಟರಲ್ಲಿ ಕಾರು 42 ಮೀಟರ್ ಹೋಗಿರುತ್ತದೆ. ಒಣಗಿದ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಇನ್ನೂ ಐವತ್ತೈದು ಅರವತ್ತು ಮೀಟರ್ ಬೇಕು. ಒಟ್ಟು ನೂರು ಮೀಟರ್ ಆಯಿತು, ಅಂದರೆ ಹತ್ತು ಬಸ್ಸು ಒಂದರ ಹಿಂದೊಂದು ನಿಲ್ಲಿಸಿದಷ್ಟು ದೂರ. ಮಳೆ ಬಂದಿದ್ದರೆ ಇನ್ನೂ ಜಾಸ್ತಿ. ಅದೇ 60ರಲ್ಲಿ ಹೋಗುತ್ತಿದ್ದರೆ 45 ಮೀಟರ್‌ನಲ್ಲಿ ನಿಲ್ಲಬಹುದು. ರಾತ್ರಿ ಡಿಮ್ ಲೈಟಿನಲ್ಲಿ ನಮಗೆ ಕಾಣುವ ದೂರವೇ ಕಡಿಮೆ. ತಿರುವಿನ ಆಚೆ ಅಥವಾ ಫ್ಲೈಓವರ್‌ನ ಏರಿನ ಆಚೆ ಜನ ನಿಂತಿದ್ದರೆ ಬ್ರೇಕು ಎಷ್ಟು ಚೆನ್ನಾಗಿದ್ದರೂ ಸಾಲದು.

ಅಮೆರಿಕದ ಹೆದ್ದಾರಿ ಇಲಾಖೆಯವರು ತಮ್ಮ ತರಬೇತಿಯಲ್ಲಿ ಒಂದು ಲೆಕ್ಕ ಹೇಳುತ್ತಾರೆ. ಅಪಘಾತದ ಗಾಡಿ ರಸ್ತೆಯಲ್ಲಿ ಉಳಿದ ಒಂದೊಂದು ನಿಮಿಷಕ್ಕೂ ಎರಡನೇ ಅಪಘಾತದ ಸಾಧ್ಯತೆ 2.8% ಏರುತ್ತದಂತೆ. ಹಾಗಾಗಿ ಗಾಡಿ ಬೇಗ ತೆರವು ಮಾಡುವುದೇ ಜೀವ ಉಳಿಸುವ ಕೆಲಸ. ನಮ್ಮಲ್ಲಿ ಯಾರದು ತಪ್ಪು ಅಂತ ರಸ್ತೆ ಮಧ್ಯದಲ್ಲೇ ಅರ್ಧ ಗಂಟೆ ಜಗಳ ಆಡುತ್ತಾರಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದಾಗ 194ಇ ಅಂತ ಒಂದು ಕಲಂ ಸೇರಿಸಿದರು. ಫೈರ್ ಎಂಜಿನ್, ಆಂಬುಲೆನ್ಸ್, ಸರ್ಕಾರ ಸೂಚಿಸಿದ ಬೇರೆ ತುರ್ತು ವಾಹನ ಬರುವಾಗ ಬದಿಗೆ ಸರಿದು ದಾರಿ ಬಿಡದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಇದು ಒಳ್ಳೆಯ ಕಲಂ. ಆದರೆ ಓದಿ ನೋಡಿ, ಅದು ಮಾತಾಡುವುದು ಬರುತ್ತಿರುವ ವಾಹನದ ಬಗ್ಗೆ. ನಿಂತ ತುರ್ತು ವಾಹನವನ್ನು ದಾಟುವಾಗ ಪಕ್ಕದ ಲೇನ್‌ಗೆ ಹೋಗಿ, ಇಷ್ಟು ವೇಗಕ್ಕೆ ಇಳಿಸಿ ಅಂತ ಹೇಳುವ ಪ್ರತ್ಯೇಕ ಕಲಂ ಆ ಕಾಯ್ದೆಯಲ್ಲಿ ಇಲ್ಲ.

ಹಾಗಂತ ಏನೂ ಇಲ್ಲ ಅಂತಲ್ಲ. ಅಪಾಯಕಾರಿಯಾಗಿ ಓಡಿಸಿದರೆ 184ನೇ ಕಲಂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಡ್ಡಾದಿಡ್ಡಿ ಚಾಲನೆಗೆ 281ನೇ ಕಲಂ, ನಿರ್ಲಕ್ಷ್ಯದಿಂದ ಸಾವು ತಂದರೆ 106ನೇ ಕಲಂ ಇವೆ. ಆದರೆ ಇವೆಲ್ಲ ಹೆಚ್ಚಾಗಿ ಅನಾಹುತ ಆದ ಮೇಲೆ ಕೈಗೆ ಬರುವ ಕಲಂಗಳು. ಏನೂ ಆಗುವ ಮೊದಲೇ ಡ್ರೈವರ್ ತಲೆಯಲ್ಲಿ ಒಂದು ಅಭ್ಯಾಸ ಕೂರಿಸುವ ನಿಯಮವೇ ಬೇರೆ. ಅದು ನಮ್ಮಲ್ಲಿ ಇನ್ನೂ ಬಂದಿಲ್ಲ.

ಬೇರೆ ಕಡೆ ಅಂಥ ನಿಯಮ ಇದೆಯಾ?

ಇದೆ. ಅಮೆರಿಕದಲ್ಲಿ ಅದನ್ನು ‘ಮೂವ್ ಓವರ್’ ಕಾನೂನು ಅಂತ ಕರೆಯುತ್ತಾರೆ. ಅದು ಹುಟ್ಟಿದ ಕಥೆ ಕೇಳಿದರೆ ಬೇಸರವೂ ಆಗುತ್ತದೆ, ಧೈರ್ಯವೂ ಬರುತ್ತದೆ. 1994ರಲ್ಲಿ ಸೌತ್ ಕೆರೊಲಿನಾದ ಲೆಕ್ಸಿಂಗ್ಟನ್‌ನಲ್ಲಿ ಜೇಮ್ಸ್ ಗಾರ್ಸಿಯಾ ಎನ್ನುವ ಪ್ಯಾರಾಮೆಡಿಕ್ ಒಂದು ಅಪಘಾತದ ಜಾಗದಲ್ಲಿ ಕೆಲಸ ಮಾಡುವಾಗ ವಾಹನವೊಂದು ಅವರಿಗೆ ಗುದ್ದಿತು. ಆಮೇಲೆ ದಾಖಲೆಯಲ್ಲಿ ತಪ್ಪು ಅವರದ್ದೇ ಅಂತ ಬರೆದರು! ರಸ್ತೆಯಲ್ಲಿ ನಿಂತಿದ್ದು ನೀನೇ ತಾನೇ ಅನ್ನುವ ಲೆಕ್ಕ. ಅವರು ಸುಮ್ನೆ ಕೂರಲಿಲ್ಲ. ಶಾಸಕರ ಹಿಂದೆ ಬಿದ್ದು ಓಡಾಡಿದರು. 1996ರಲ್ಲಿ ಆ ರಾಜ್ಯ ಮೊದಲ ಮೂವ್ ಓವರ್ ಕಾನೂನು ತಂದಿತು. ಒಂದೊಂದೇ ರಾಜ್ಯ ಸೇರುತ್ತಾ ಹೋಗಿ, 2012ರಲ್ಲಿ ಹವಾಯಿ ಕೊನೆಯದಾಗಿ ಸೇರಿತು. ಈಗ ಐವತ್ತೂ ರಾಜ್ಯಗಳಲ್ಲಿದೆ.

ನಿಯಮದ ತಿರುಳು ಎಲ್ಲ ಕಡೆ ಒಂದೇ. ಲೈಟು ಹಾಕಿ ನಿಂತ ತುರ್ತು ವಾಹನ ಕಂಡರೆ ಅದರ ಪಕ್ಕದ ಲೇನ್ ಬಿಟ್ಟು ಆಚೆ ಲೇನ್‌ಗೆ ಹೋಗಬೇಕು. ಆಗದಿದ್ದರೆ ವೇಗ ಇಳಿಸಬೇಕು. ಎಷ್ಟು ಇಳಿಸಬೇಕು ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್‌ನಲ್ಲಿ, ಫ್ಲೋರಿಡಾದಲ್ಲಿ ಸಾಮಾನ್ಯವಾಗಿ ಮಿತಿಗಿಂತ 20 ಮೈಲಿ ಕಡಿಮೆ. ಫ್ಲೋರಿಡಾ 2024ರ ಜನವರಿಯಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಂಡಿಕೇಟರ್ ಮಿನುಗಿಸಿ ಕೆಟ್ಟು ನಿಂತ ಸಾಮಾನ್ಯ ಕಾರಿಗೂ ಇದೇ ಮರ್ಯಾದೆ ಕೊಡಬೇಕು ಅಂದಿತು.

ಆಸ್ಟ್ರೇಲಿಯಾದವರು ಲೇನ್‌ಗಿಂತ ವೇಗಕ್ಕೆ ಒತ್ತು ಕೊಟ್ಟರು. ವಿಕ್ಟೋರಿಯಾದಲ್ಲಿ 2017ರ ಜುಲೈನಿಂದ, ಲೈಟು ಹಾಕಿ ನಿಂತ ತುರ್ತು ವಾಹನದ ಪಕ್ಕ 40 ಕಿ.ಮೀ. ದಾಟುವ ಹಾಗಿಲ್ಲ. ಸೌತ್ ಆಸ್ಟ್ರೇಲಿಯಾದಲ್ಲಿ 25. ಆದರೆ ನ್ಯೂ ಸೌತ್ ವೇಲ್ಸ್‌ನಲ್ಲಿ 2018ರಲ್ಲಿ ಎಲ್ಲ ರಸ್ತೆಗೂ 40 ಅಂತ ತಂದು ನೋಡಿದಾಗ ಒಂದು ತೊಂದರೆ ಕಾಣಿಸಿತು. 110ರಲ್ಲಿ ಬರುವ ದೊಡ್ಡ ಲಾರಿ ಒಮ್ಮೆಲೇ 40ಕ್ಕೆ ಇಳಿದರೆ ಹಿಂದಿನವನು ಬಂದು ಗುದ್ದುವ ಭಯ. ಮರುವರ್ಷವೇ ತಿದ್ದಿ, 90 ಮತ್ತು ಅದಕ್ಕಿಂತ ಹೆಚ್ಚಿನ ಮಿತಿ ಇರುವ ರಸ್ತೆಗಳಲ್ಲಿ ಪರಿಸ್ಥಿತಿ ನೋಡಿ ಸುರಕ್ಷಿತವಾಗಿ ನಿಧಾನ ಮಾಡಿ, ಆದರೆ ದೂರ ಬಿಡಿ ಅಂದರು. ನಾವು ನಿಯಮ ಬರೆಯುವಾಗ ಈ ಪಾಠ ಪುಕ್ಕಟೆಯಾಗಿ ಸಿಕ್ಕಿದೆ.

ಜರ್ಮನಿಯದ್ದು ಇನ್ನೊಂದು ಥರ. ಅಲ್ಲಿ ಹೆದ್ದಾರಿಯಲ್ಲಿ ಟ್ರಾಫಿಕ್ ನಿಧಾನ ಆಗುತ್ತಿದ್ದ ಹಾಗೆ, ಸೈರನ್ ಕೇಳುವ ಮೊದಲೇ, ಎಡ ತುದಿ ಲೇನ್‌ನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿಯುತ್ತಾರೆ. ನಡುವೆ ಒಂದು ಓಣಿ ತಾನಾಗಿ ತೆರೆದುಕೊಳ್ಳುತ್ತದೆ. ಮಾಡದಿದ್ದರೆ ಕಡಿಮೆ ಅಂದರೂ 200 ಯೂರೋ ದಂಡ, ಲೈಸೆನ್ಸ್ ಮೇಲೆ ಎರಡು ಪಾಯಿಂಟ್, ಒಂದು ತಿಂಗಳು ಗಾಡಿ ಓಡಿಸುವ ಹಾಗಿಲ್ಲ. ಅಲ್ಲಿರುವ ನಮ್ಮವರು ಇದನ್ನು ಗಮನದಲ್ಲಿಟ್ಟುಕೊಳ್ಳಿ.

ಕಾನೂನು ಮಾಡಿದ ಮಾತ್ರಕ್ಕೆ ಜನ ಪಾಲಿಸ್ತಾರಾ?

ಪಾಲಿಸುವುದಿಲ್ಲ. ಅಮೆರಿಕದಲ್ಲೇ ಮೊದಲ ಕಾನೂನು ಬಂದು ಹತ್ತು ವರ್ಷದ ಮೇಲೆ, 2006ರಲ್ಲಿ ಒಂದು ಸಮೀಕ್ಷೆ ಮಾಡಿದರು. 71% ಜನ ಅಂಥ ಕಾನೂನಿನ ಹೆಸರೇ ಕೇಳಿರಲಿಲ್ಲ.

ಇಲಿನಾಯ್ ರಾಜ್ಯದ ಕಥೆ ನೋಡಿ. 2000ದ ಡಿಸೆಂಬರ್‌ನಲ್ಲಿ ಶಿಕಾಗೋ ಅಗ್ನಿಶಾಮಕ ದಳದ ಲೆಫ್ಟಿನೆಂಟ್ ಸ್ಕಾಟ್ ಗಿಲೆನ್ ಅಪಘಾತದ ಜಾಗದಲ್ಲಿ ಕೆಲಸ ಮಾಡುವಾಗ ಕುಡಿದು ಬಂದವನೊಬ್ಬನ ಕಾರಿಗೆ ಸಿಕ್ಕಿ ತೀರಿಕೊಂಡರು. ಅವರ ಹೆಸರಲ್ಲೇ ‘ಸ್ಕಾಟ್ಸ್ ಲಾ’ ಬಂತು. ಮೊದಲ ತಪ್ಪಿಗೇ 10,000 ಡಾಲರ್‌ವರೆಗೆ ದಂಡ ಹಾಕಬಹುದು. ಆದರೂ 2019ರ ಜನವರಿ ಮತ್ತು ಮಾರ್ಚ್‌ನಲ್ಲಿ ಆ ರಾಜ್ಯದ ಇಬ್ಬರು ಪೊಲೀಸರು ರಸ್ತೆ ಬದಿಯಲ್ಲಿ ಕರ್ತವ್ಯದಲ್ಲಿದ್ದಾಗ ವಾಹನ ಗುದ್ದಿ ಸತ್ತರು. ಆಮೇಲೆ ದಂಡ ಇನ್ನೂ ಬಿಗಿ ಮಾಡಿದರು, ಪ್ರಚಾರ ಜಾಸ್ತಿ ಮಾಡಿದರು.

ಇದರಿಂದ ನನಗೆ ಅನ್ನಿಸಿದ್ದು ಇಷ್ಟು. ದಂಡದ ಮೊತ್ತ ದೊಡ್ಡದಾಗಿದ್ದರೆ ಪೇಪರಿನಲ್ಲಿ ಸುದ್ದಿ ಆಗುತ್ತದೆ. ಆದರೆ ರಸ್ತೆಯಲ್ಲಿ ಬದಲಾವಣೆ ತರುವುದು ಲೈಸೆನ್ಸ್ ಪರೀಕ್ಷೆಯಲ್ಲಿ ಕೇಳುವ ಒಂದು ಪ್ರಶ್ನೆ, ಟೋಲ್ ಹತ್ತಿರ ಹಾಕಿದ ಒಂದು ಬೋರ್ಡು, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಪಕ್ಕದಲ್ಲಿ ಕೂತು ಹೇಳುವ ಒಂದು ಮಾತು. ಸೀಟ್ ಬೆಲ್ಟ್ ವಿಷಯದಲ್ಲೂ ಹೀಗೇ ಆಯಿತು, ಅಲ್ವಾ?

ನಮ್ಮಲ್ಲಿ ಇದನ್ನು ತರೋಕೆ ಸಂಸತ್ತಿನಲ್ಲಿ ಹೊಸ ಕಾಯ್ದೆ ಆಗಬೇಕಾ?

ಬೇಕಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಮೋಟಾರು ವಾಹನ ಕಾಯ್ದೆಯ 118ನೇ ಕಲಂ ಪ್ರಕಾರ ವಾಹನ ಓಡಿಸುವ ನಿಯಮಾವಳಿಯನ್ನು ಕೇಂದ್ರ ಸರ್ಕಾರವೇ ಹೊರಡಿಸಬಹುದು. 2017ರಲ್ಲಿ ಬಂದ ಚಾಲನಾ ನಿಯಮಾವಳಿ ಹಾಗೆ ಬಂದದ್ದೇ. ಅದಕ್ಕೆ ಒಂದು ಪ್ಯಾರಾ ಸೇರಿಸಿದರೆ ಸಾಕು. ಆ ನಿಯಮಾವಳಿ ಮುರಿದವರಿಗೆ 177ಎ ಕಲಂ ಅಡಿ 500ರಿಂದ 1,000 ರೂಪಾಯಿವರೆಗೆ ದಂಡ ಆಗಲೇ ಇದೆ. ನಮ್ಮ ಸಂಸದರನ್ನು ಕೇಳುವುದಾದರೆ ನಾನು ಕೇಳುವುದು ಇದನ್ನೇ. ಒಂದು ಪ್ಯಾರಾ, ಲೈಸೆನ್ಸ್ ಪರೀಕ್ಷೆಯಲ್ಲಿ ಒಂದು ಪ್ರಶ್ನೆ.

ನಾನು ಕಾರು ಓಡಿಸ್ತಿದ್ದೀನಿ, ಮುಂದೆ ಲೈಟು ಮಿನುಗ್ತಿದೆ. ಈಗ ಏನು ಮಾಡಲಿ?

ಮೊದಲು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಒಮ್ಮೆಲೇ ಬ್ರೇಕ್ ಒತ್ತಬೇಡಿ. ಹಿಂದೆ ಯಾರಿದ್ದಾರೆ ಅಂತ ಕನ್ನಡಿ ನೋಡಿ. ನಮ್ಮಲ್ಲಿ ಗಾಡಿಗಳು ಸಾಮಾನ್ಯವಾಗಿ ಎಡಗಡೆ ನಿಂತಿರುತ್ತವೆ. ಹಾಗಾಗಿ ಇಂಡಿಕೇಟರ್ ಹಾಕಿ ಒಂದು ಲೇನ್ ಬಲಕ್ಕೆ ಹೋಗಿ. ಅಪಘಾತ ಡಿವೈಡರ್ ಪಕ್ಕ ಆಗಿದ್ದರೆ ಎಡಕ್ಕೆ. ಒಟ್ಟಿನಲ್ಲಿ ಕೆಲಸ ಮಾಡುವವರಿಗೂ ನಿಮಗೂ ನಡುವೆ ಒಂದು ಪೂರ್ತಿ ಲೇನ್ ಖಾಲಿ ಇರಲಿ. ರಾತ್ರಿಯಾದರೆ ಹೈ ಬೀಮ್ ಇಳಿಸಿ. ಕಣ್ಣಿಗೆ ಲೈಟು ಹೊಡೆದರೆ ಅವರಿಗೆ ಕೈಯಲ್ಲಿರುವ ಸೂಜಿಯೂ ಕಾಣುವುದಿಲ್ಲ. ಹಾರ್ನ್ ಬೇಡ.

ಆಮೇಲೆ ರಸ್ತೆ ನೋಡಿ, ಗಾಡಿ ನೋಡಬೇಡಿ. ಏನಾಗಿದೆ ಅಂತ ಕುತೂಹಲ ಎಲ್ಲರಿಗೂ ಇರುತ್ತದೆ. ಆದರೆ ಕಣ್ಣು ಹೋದ ಕಡೆಗೇ ಸ್ಟೀರಿಂಗ್ ಹಿಡಿದ ಕೈಯೂ ಎಳೆಯುತ್ತದೆ. ಫೋನ್ ತೆಗೆದು ವಿಡಿಯೋ ಮಾಡುವುದಂತೂ ಬೇಡವೇ ಬೇಡ.

ಬಲಕ್ಕೆ ಜಾಗವೇ ಇಲ್ಲ, ಅಥವಾ ರಸ್ತೆಯೇ ಎರಡು ಲೇನ್‌ದು. ಆಗ?

ನಿಧಾನ ಮಾಡುವುದೊಂದೇ ದಾರಿ. ಸುಮಾರು 30-40ಕ್ಕೆ ಇಳಿಸಿ ಹೋಗಿ. ಘಾಟಿಯಲ್ಲಾದರೆ ಎದುರಿನಿಂದ ಬರುವವರು ಹೋಗುವ ತನಕ ನಿಂತು ಬಿಡಿ. ಚಾರ್ಮಾಡಿ, ಶಿರಾಡಿಯಂಥ ಕಡೆ ತಿರುವಿನಲ್ಲಿ ಕೆಟ್ಟ ಲಾರಿ ನಿಂತಿದ್ದರೆ ಯಾರಾದರೂ ಕೈ ಬೀಸುತ್ತಾ ಮೇಲೆ ಕೆಳಗೆ ನಿಂತಿರುತ್ತಾರೆ. ಅವರು ಪೊಲೀಸ್ ಆಗಿರಲಿ, ಲಾರಿ ಕ್ಲೀನರ್ ಆಗಿರಲಿ, ಅವರ ಮಾತು ಕೇಳಿ.

ನನ್ನ ಕಾರೇ ಕೆಟ್ಟು ನಿಂತರೆ?

ಆದಷ್ಟು ಎಡಕ್ಕೆ, ಬಿಳಿ ಗೆರೆಯ ಆಚೆಗೆ ತನ್ನಿ. ನಾಲ್ಕೂ ಇಂಡಿಕೇಟರ್ ಹಾಕಿ. ಎಲ್ಲರೂ ಎಡಗಡೆ ಬಾಗಿಲಿನಿಂದ ಇಳಿದು ಕಬ್ಬಿಣದ ಕಟಕಟೆಯ ಆಚೆ ನಿಲ್ಲಿ. ಚಳಿ ಅಂತ, ಮಳೆ ಅಂತ ಕಾರೊಳಗೆ ಕೂರಬೇಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ, ಯಾರಿಗಾದರೂ ಪೆಟ್ಟಾಗಿದ್ದರೆ 108 ಅಥವಾ 112ಕ್ಕೆ ಫೋನ್ ಮಾಡಿ. ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿದರೆ ಅವರು ಬೇಗ ಬರುತ್ತಾರೆ.

ಕಾರಿನ ಡಿಕ್ಕಿಯಲ್ಲಿ, ಕೆಟ್ಟು ನಿಂತ ಗಾಡಿಯ ಹಿಂದೆ ಇಡುವ ಕೆಂಪು ತ್ರಿಕೋನ ಇರುತ್ತದೆ. ನಮ್ಮದು ಕಾರು ಕೊಂಡು ಆರು ವರ್ಷ ಆದ ಮೇಲೂ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಒಮ್ಮೆ ಮನೆ ಮುಂದೆ ಬಿಚ್ಚಿ ಜೋಡಿಸಿ ನೋಡಿ. ಕತ್ತಲಲ್ಲಿ, ಪಕ್ಕದಲ್ಲಿ ಲಾರಿ ಹೋಗುತ್ತಿರುವಾಗ ಕಲಿಯುವ ಕೆಲಸ ಅಲ್ಲ ಅದು. ಇಡಲು ಹೋಗುವಾಗ ಅಂಚಿನಲ್ಲೇ ನಡೆಯಿರಿ, ಮುಖ ಬರುವ ಗಾಡಿಗಳ ಕಡೆಗಿರಲಿ.

ಈ ನಡೆದು ಹೋಗುವುದೇ ಅಪಾಯ ಅಂತ ಸ್ಪೇನ್ ದೇಶದವರು ಬೇರೆ ದಾರಿ ಹಿಡಿದರು. ಅಲ್ಲಿ 2026ರ ಜನವರಿ 1ರಿಂದ ತ್ರಿಕೋನದ ಬದಲು ‘ವಿ-16’ ಅನ್ನುವ ಹಳದಿ ಲೈಟು ಕಡ್ಡಾಯ ಮಾಡಿದ್ದಾರೆ. ಕಾರಿನಿಂದ ಇಳಿಯುವುದೇ ಬೇಡ. ಕಿಟಕಿಯಿಂದ ಕೈ ಹಾಕಿ ಚಾವಣಿ ಮೇಲೆ ಇಟ್ಟರೆ ಅಯಸ್ಕಾಂತ ಹಿಡಿದುಕೊಳ್ಳುತ್ತದೆ. ಜತೆಗೆ ಗಾಡಿ ನಿಂತ ಜಾಗವನ್ನು ಟ್ರಾಫಿಕ್ ಇಲಾಖೆಯ ಕಂಪ್ಯೂಟರಿಗೆ ತಾನೇ ಕಳಿಸುತ್ತದೆ. ನಮ್ಮ ಹೆದ್ದಾರಿಗಳಿಗೆ ಹೇಳಿ ಮಾಡಿಸಿದ ವಸ್ತು ಅಂತ ನನ್ನ ಅನಿಸಿಕೆ.

ಕಲ್ಲು, ಸೊಪ್ಪು ಇಡೋದು ತಪ್ಪಾ?

ಲಾರಿ ಕೆಟ್ಟಾಗ ಹಿಂದೆ ಹಸಿರು ಕೊಂಬೆ ಹಾಕುವುದು ನಮ್ಮ ಕಡೆ ಎಷ್ಟೋ ಕಾಲದ ರೂಢಿ. ಹಗಲು ಹೊತ್ತು ಕೊಂಬೆ ದೂರದಿಂದ ಕಾಣುತ್ತದೆ, ಗಾಡಿ ಹರಿದರೂ ತೊಂದರೆ ಇಲ್ಲ. ಏನೂ ಇಲ್ಲದಿದ್ದಾಗ ಅದು ಒಳ್ಳೆಯ ಉಪಾಯವೇ. ಕಲ್ಲು ಮಾತ್ರ ಬೇಡ. ರಾತ್ರಿ ಕಲ್ಲು ಕಾಣುವುದಿಲ್ಲ. ಲಾರಿ ರಿಪೇರಿ ಆಗಿ ಹೋದ ಮೇಲೂ ಕಲ್ಲುಗಳು ಸಾಲಾಗಿ ಅಲ್ಲೇ ಬಿದ್ದಿರುತ್ತವೆ. ಬೆಳಗಿನ ಜಾವ ಹಾಲು ತರುವ ಬೈಕಿನವನು ಅದಕ್ಕೆ ಎಡವುತ್ತಾನೆ. ಇಟ್ಟವರು ಹೋಗುವಾಗ ಎತ್ತಿ ಬದಿಗೆ ಹಾಕಲೇಬೇಕು.

ಫೈರ್ ಎಂಜಿನ್ ರಸ್ತೆಗೆ ಓರೆಯಾಗಿ ಅಡ್ಡ ನಿಲ್ಲಿಸ್ತಾರಲ್ಲ, ಯಾಕೆ? ಟ್ರಾಫಿಕ್ ಜಾಮ್ ಆಗಲ್ವಾ?

ಬೇಕಂತಲೇ ನಿಲ್ಲಿಸುತ್ತಾರೆ. ಅದು ಗೋಡೆ ಇದ್ದ ಹಾಗೆ. ಹಿಂದಿನಿಂದ ಯಾರಾದರೂ ಬಂದು ಗುದ್ದಿದರೆ ಪೆಟ್ಟು ಆ ದೊಡ್ಡ ಗಾಡಿ ತಿನ್ನುತ್ತದೆ, ಕೆಲಸ ಮಾಡುವವರು ಉಳಿಯುತ್ತಾರೆ. ಕೆಲವು ದೇಶಗಳಲ್ಲಿ ಲಾರಿಯ ಹಿಂಭಾಗಕ್ಕೆ ಗುದ್ದನ್ನು ಹೀರಿಕೊಳ್ಳುವ ದೊಡ್ಡ ಮೆತ್ತೆಯಂಥದ್ದನ್ನು ಕಟ್ಟಿ ನಿಲ್ಲಿಸುತ್ತಾರೆ. ಗುದ್ದಿದವನೂ ಬದುಕಿಕೊಳ್ಳುತ್ತಾನೆ. ಹತ್ತು ನಿಮಿಷದ ಜಾಮ್‌ಗೆ ದಯವಿಟ್ಟು ಅವರ ಮೇಲೆ ರೇಗಬೇಡಿ.

ಲೈಟು ಜಾಸ್ತಿ ಹಾಕಿದಷ್ಟೂ ಒಳ್ಳೇದು ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಕತ್ತಲಲ್ಲಿ ನಾಲ್ಕು ಗಾಡಿಗಳ ಲೈಟೂ ಜೋರಾಗಿ ಮಿನುಗುತ್ತಿದ್ದರೆ ಬರುವವರ ಕಣ್ಣು ಕೋರೈಸುತ್ತದೆ. ಗಾಡಿ ಕಾಣುತ್ತದೆ, ಅದರ ಪಕ್ಕ ನಿಂತ ಮನುಷ್ಯ ಕಾಣುವುದಿಲ್ಲ. ಅದಕ್ಕೇ ಈಗಿನ ಕೆಲವು ಲೈಟುಗಳಲ್ಲಿ ಗಾಡಿ ನಿಂತ ಮೇಲೆ ರಾತ್ರಿ ಹೊತ್ತು ತೀವ್ರತೆ ಇಳಿಯುವ ವ್ಯವಸ್ಥೆ ಇರುತ್ತದೆ.

ಬಟ್ಟೆಯ ವಿಷಯವೂ ಹೀಗೇ. ಹೊಳೆಯುವ ಹಸಿರು ಹಳದಿ ಕೋಟು ಹಗಲಿಗೆ ಮಾತ್ರ. ಹಗಲಿನ ಬೆಳಕಿಲ್ಲದಿದ್ದರೆ ಆ ಬಣ್ಣಕ್ಕೆ ಹೊಳಪಿಲ್ಲ. ರಾತ್ರಿ ಕೆಲಸಕ್ಕೆ ಬರುವುದು ಬೆಳ್ಳಿ ಬಣ್ಣದ ಪಟ್ಟಿ. ಹೆಡ್‌ಲೈಟ್ ಬಿದ್ದರೆ ಅದು ಬೆಳಕನ್ನು ವಾಪಸ್ ಕಳಿಸುತ್ತದೆ. ಧೂಳು ಕೂತರೆ, ಹತ್ತಾರು ಸಲ ಒಗೆದರೆ ಅದೂ ಮಂಕಾಗುತ್ತದೆ. ಪಟ್ಟಿ ಎದೆಗಷ್ಟೇ ಅಲ್ಲದೆ ಮೊಣಕಾಲು, ಕಾಲಿನ ಗಂಟು, ಮಣಿಕಟ್ಟಿಗೂ ಇದ್ದರೆ ಓಡಾಡುವಾಗ ಅವು ಆಡುತ್ತವೆ. ಅದು ಕಂಬ ಅಲ್ಲ, ಮನುಷ್ಯ ಅಂತ ಡ್ರೈವರ್‌ಗೆ ಬೇಗ ಹೊಳೆಯುತ್ತದೆ. ಶಿರಾ ಹತ್ತಿರ ಕಂಡ ಹುಡುಗ ಮಂಡಿಯೂರಿ ಬಗ್ಗಿದ್ದ. ಎದೆಯ ಪಟ್ಟಿ ನೆಲ ನೋಡುತ್ತಿತ್ತು. ನಮಗೆ ಅವನು ಕಂಡದ್ದು ಪ್ಯಾಂಟಿನ ಕೆಳಗಿದ್ದ ಒಂದು ಬೆಳ್ಳಿ ಗೆರೆಯಿಂದ. ಇವರ ಬಟ್ಟೆಗೆ ಟೆಂಡರ್ ಬರೆಯುವವರು ಈ ಒಂದು ಗೆರೆಯನ್ನು ಬಿಡದೆ ಬರೆಯಬೇಕು.

ನನ್ನ ಕಾರಲ್ಲಿ ಎಡಾಸ್ (ಕ್ಯಾಮರಾ, ರಾಡಾರ್‌ನಿಂದ ಡ್ರೈವರ್‌ಗೆ ನೆರವಾಗುವ ವ್ಯವಸ್ಥೆ) ಇದೆ. ತಾನೇ ಬ್ರೇಕ್ ಹಾಕುತ್ತಲ್ವಾ?

ಅದನ್ನು ನಂಬಿ ಕೂರಬೇಡಿ. ಕಾರಿನ ಜತೆ ಬಂದ ಪುಸ್ತಕ ತೆಗೆದು ನೋಡಿ. ವೇಗ ಜಾಸ್ತಿ ಇದ್ದಾಗ ನಿಂತ ವಾಹನವನ್ನು ಗುರುತಿಸದೇ ಇರಬಹುದು ಅಂತ ಬಹಳ ಕಂಪನಿಗಳು ಅದರಲ್ಲೇ ಬರೆದಿರುತ್ತವೆ. ರಾಡಾರ್‌ಗೆ ರಸ್ತೆ ಪಕ್ಕದ ಬೋರ್ಡು, ಸೇತುವೆ, ಕಂಬ ಎಲ್ಲವೂ ನಿಂತ ವಸ್ತುಗಳೇ. ಎಲ್ಲಕ್ಕೂ ಬ್ರೇಕ್ ಹಾಕಿದರೆ ಕಾರು ಓಡುವುದೇ ಇಲ್ಲ. ಅದಕ್ಕೆ ನಿಂತದ್ದನ್ನು ಎಷ್ಟೋ ಸಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2021ರ ಆಗಸ್ಟ್‌ನಲ್ಲಿ ಟೆಸ್ಲಾ ಕಾರುಗಳ ಆಟೋಪೈಲಟ್ (ಇಂಥದ್ದೇ ನೆರವಿನ ವ್ಯವಸ್ಥೆ) ಬಗ್ಗೆ ತನಿಖೆ ಶುರು ಮಾಡಿದ್ದು ಇದೇ ಕಾರಣಕ್ಕೆ. ತುರ್ತು ವಾಹನಗಳು ನಿಂತಿದ್ದ ಜಾಗದಲ್ಲಿ 11 ಅಪಘಾತಗಳು ಅವರ ಗಮನಕ್ಕೆ ಬಂದಿದ್ದವು. ಹೆಚ್ಚಿನವು ಕತ್ತಲಾದ ಮೇಲೆ ಆದವು. ಲೈಟು, ಕೋನ್, ಬಾಣದ ಬೋರ್ಡು ಇದ್ದರೂ ಆದವು. 2023ರ ಡಿಸೆಂಬರ್‌ನಲ್ಲಿ ಸುಮಾರು 20 ಲಕ್ಷ ಕಾರುಗಳ ಸಾಫ್ಟ್‌ವೇರ್ ಬದಲಿಸಬೇಕಾಯಿತು.

ಮುಂದೆ ಆಂಬುಲೆನ್ಸ್ ನಿಂತಿದೆ ಅಂತ ಫೋನಿಗೆ ಮೊದಲೇ ತಿಳಿಯೋ ಹಾಗಿದ್ರೆ?

ಅಂಥದ್ದು ಬಂದಿದೆ. ಅಮೆರಿಕದ ಹಾಸ್ ಅಲರ್ಟ್ ಎನ್ನುವ ಕಂಪನಿ ಫೈರ್ ಎಂಜಿನ್‌ಗೆ ಒಂದು ಸಣ್ಣ ಪೆಟ್ಟಿಗೆ ಜೋಡಿಸುತ್ತದೆ. ಮೇಲಿನ ಲೈಟು ಹಾಕಿದ ಕೂಡಲೇ ಗಾಡಿ ಇರುವ ಜಾಗ ಇಂಟರ್‌ನೆಟ್ ಮೂಲಕ ದಾರಿ ತೋರಿಸುವ ವೇಜ್ ಆಪ್‌ಗೆ, ಕೆಲವು ಹೊಸ ಕಾರುಗಳ ಪರದೆಗೆ ಹೋಗುತ್ತದೆ. ತಿರುವಿನ ಆಚೆ ಇದ್ದರೂ ಡ್ರೈವರ್‌ಗೆ ಮೊದಲೇ ಗೊತ್ತಾಗುತ್ತದೆ. ಬೆಳಕು ಮುಟ್ಟದ ಜಾಗವನ್ನು ಇದು ಮುಟ್ಟುತ್ತದೆ. ಅದೇ ಇದರ ದೊಡ್ಡ ಗುಣ.

ನಮ್ಮಲ್ಲಿ ಇದಕ್ಕೆ ಬೇಕಾದ ಸಾಮಾನು ಬಹುಪಾಲು ಇದೆ. ಆಂಬುಲೆನ್ಸ್‌ಗಳಲ್ಲಿ ಜಿಪಿಎಸ್ ಇದೆ, ಎಲ್ಲರ ಕೈಯಲ್ಲಿ ಮ್ಯಾಪ್ ಇದೆ. ಇವುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ಆಗಬೇಕು. ಅಲ್ಲಿಯವರೆಗೆ ಹೆದ್ದಾರಿಯ ಮೇಲಿನ ಎಲೆಕ್ಟ್ರಾನಿಕ್ ಬೋರ್ಡುಗಳಲ್ಲಿ ‘ಶುಭ ಪ್ರಯಾಣ’ದ ಬದಲು ‘2 ಕಿ.ಮೀ. ಮುಂದೆ ಅಪಘಾತ, ಎಡ ಲೇನ್ ಬಿಡಿ’ ಅಂತ ಹಾಕಿದರೂ ಎಷ್ಟೋ ಉಪಕಾರ.

ಕ್ಯಾಮರಾಗಳಿಂದ ಏನಾದರೂ ಆಗುತ್ತಾ?

ವೇಗ ಇಳಿಯುತ್ತದೆ, ಅದೇ ದೊಡ್ಡದು. ಮೋಟಾರು ವಾಹನ ಕಾಯ್ದೆಯ 136ಎ ಕಲಂ ಕ್ಯಾಮರಾ ಮೂಲಕ ನಿಗಾ ಇಡಲು ಅವಕಾಶ ಕೊಟ್ಟಿದೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಅನುಭವ ಇದೆ. 100 ದಾಟಿದರೆ ಮನೆಗೆ ನೋಟಿಸ್ ಬರುತ್ತದೆ. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಬರುವ ಹಾಗಿಲ್ಲ. ಗಾಡಿಗಳ ವೇಗದಲ್ಲಿ ಅಂತರ ಕಡಿಮೆ ಆದರೆ ಬದಿಯಲ್ಲಿ ನಿಂತವರಿಗೂ ಸ್ವಲ್ಪ ಸಮಾಧಾನ.

ವೇಗ ಇಳಿಸೋಕೆ ರಸ್ತೆಗೆ ಬ್ಯಾರಿಕೇಡ್ ಇಡ್ತಾರಲ್ಲ, ಅದು ಒಳ್ಳೇದಲ್ವಾ?

ಎಲ್ಲಿ, ಹೇಗೆ ಇಡುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ. 2022ರ ಜುಲೈ 20ರಂದು ಉಡುಪಿ ಜಿಲ್ಲೆಯ ಶಿರೂರು ಟೋಲ್ ಗೇಟ್‌ನಲ್ಲಿ ಆದದ್ದನ್ನು ಆ ವಿಡಿಯೋ ನೋಡಿದ ಯಾರೂ ಮರೆಯಲಾರರು. ಹೊನ್ನಾವರ ಕಡೆಯಿಂದ ಆಂಬುಲೆನ್ಸ್ ಬರುತ್ತಿತ್ತು. ಮಳೆಗೆ ರಸ್ತೆ ನೆಂದಿತ್ತು. ಟೋಲ್‌ನ ಸಿಬ್ಬಂದಿ ಓಡಿ ಬಂದು ಅಡ್ಡ ಇದ್ದ ಬ್ಯಾರಿಕೇಡ್‌ಗಳನ್ನು ಎಳೆಯುತ್ತಿದ್ದರು. ಅಷ್ಟರಲ್ಲಿ ಗಾಡಿ ಜಾರಿ ತಿರುಗಿ ಬೂತಿಗೆ ಬಡಿಯಿತು. ನಾಲ್ಕು ಜನ ಹೋದರು. ತುರ್ತು ವಾಹನದ ಲೇನ್ ಯಾವಾಗಲೂ ಖಾಲಿ ಇರಬೇಕು. ಬ್ಯಾರಿಕೇಡ್ ಇಡಲೇಬೇಕಾದರೆ ಬಹಳ ಹಿಂದಿನಿಂದಲೇ ಬೋರ್ಡು, ಆಮೇಲೆ ಓರೆಯಾಗಿ ಕೋನ್‌ಗಳ ಸಾಲು, ಆಮೇಲೆ ಬ್ಯಾರಿಕೇಡ್ ಬರಬೇಕು. ಆಂಬುಲೆನ್ಸ್ ಓಡಿಸುವವರಿಗೂ ಮಳೆಯಲ್ಲಿ ವೇಗದ ಮಿತಿ ಇರಬೇಕು. ರೋಗಿ ಆಸ್ಪತ್ರೆ ಮುಟ್ಟಿದರೆ ತಾನೇ ಉಳಿಯುವುದು?

ಅಪಘಾತ ನೋಡಿದರೆ ಸಹಾಯಕ್ಕೆ ನಿಲ್ಲಬೇಕಾ, ಹೋಗಿಬಿಡಬೇಕಾ?

ಇನ್ನೂ ಯಾರೂ ಬಂದಿಲ್ಲ ಅಂದರೆ ಖಂಡಿತ ನಿಲ್ಲಿ. ಅದೇ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಸಹಾಯ ಮಾಡಿದವರನ್ನು ಕಾಪಾಡುತ್ತದೆ. ಹೆಸರು ವಿಳಾಸ ಕೊಡಲೇಬೇಕು ಅಂತ ಯಾರೂ ಒತ್ತಾಯ ಮಾಡುವ ಹಾಗಿಲ್ಲ. ಆದರೆ ಕಾರನ್ನು ಅಪಘಾತದ ಜಾಗ ದಾಟಿ, ರಸ್ತೆಯಿಂದ ಪೂರ್ತಿ ಕೆಳಗೆ ನಿಲ್ಲಿಸಿ. ಒಬ್ಬರು ಗಾಯಾಳು ಹತ್ತಿರ ಇರಲಿ. ಇನ್ನೊಬ್ಬರು ಬಹಳ ಹಿಂದಕ್ಕೆ ಹೋಗಿ, ರಸ್ತೆಯ ಹೊರಗೇ ನಿಂತು, ಟಾರ್ಚ್ ಬೀಸಿ ಬರುವ ಗಾಡಿಗಳನ್ನು ನಿಧಾನ ಮಾಡಿಸಲಿ. ಪೊಲೀಸರೋ 108ರವರೋ ಆಗಲೇ ಇದ್ದರೆ ನಿಲ್ಲಬೇಡಿ. ಗುಂಪು ಸೇರಿದಷ್ಟೂ ಅಹಮದಾಬಾದಿನಂಥದ್ದಕ್ಕೆ ಅವಕಾಶ ಜಾಸ್ತಿ.

ನಾನು ಗಾಡಿ ಓಡಿಸಲ್ಲ. ಬಸ್ಸು, ಕ್ಯಾಬಿನಲ್ಲಿ ಹೋಗ್ತೀನಿ. ನನ್ನಿಂದ ಏನಾಗುತ್ತೆ?

ಪಕ್ಕದಲ್ಲಿ ಕೂತವರಿಗೆ ದೂರದ ಲೈಟು ಎಷ್ಟೋ ಸಲ ಡ್ರೈವರ್‌ಗಿಂತ ಮೊದಲು ಕಾಣುತ್ತದೆ. ಕಂಡ ಕೂಡಲೇ ಹೇಳಿ. ನಮ್ಮ ಅತ್ತೆಗೆ ಈಗ ಅದು ಅಭ್ಯಾಸ ಆಗಿದೆ. ಹೋದ ತಿಂಗಳು ದಾವಣಗೆರೆಗೆ ಹೋಗುವಾಗ ಕ್ರೇನ್‌ನವರು ಟೆಂಪೋ ಎತ್ತುತ್ತಿದ್ದುದು ಕಾಣಿಸಿತು. ಅತ್ತೆ ಹಿಂದಿನ ಸೀಟಿನಿಂದಲೇ ಮುಂದಕ್ಕೆ ಬಾಗಿ ಕ್ಯಾಬ್ ಹುಡುಗನಿಗೆ ‘ಅಪ್ಪಾ, ಅಲ್ಲಿ ಯಾರೋ ಕೆಲಸ ಮಾಡ್ತಿದ್ದಾರೆ ನೋಡು, ಸ್ವಲ್ಪ ಬಲಕ್ಕೆ ತಗೋ’ ಅಂದರು. ಅವನು ‘ಸರಿ ಅಮ್ಮ’ ಅಂದು ಇಂಡಿಕೇಟರ್ ಹಾಕಿದ. ಹಿಂದೆ ಬರುತ್ತಿದ್ದ ಎರಡು ಕಾರುಗಳೂ ನಮ್ಮ ಹಿಂದೆಯೇ ಬಲಕ್ಕೆ ಬಂದವು.